ಎರಡು ಡಾಲರಿನ ಡಿಸ್ಕು, ಬಿಟ್ಟಿ ಡಿಸ್ಕು

ಖ್ಮೇರ್ ನಾಡಿನ ಬಾತಂಬಾಂಗ್ ಊರಿನಲ್ಲಿ, ಸಂಗ್ಕೆ ಹೊಳೆಯ ದಂಡೆಗೆ, ಪ್ರಾಂತ್ಯದ ಕಚೇರಿಯಿಂದ ಕೂಗಳತೆಯಲ್ಲಿ ಥಾವ್ರಿಯ ಟೈಪಿಂಗ್ ಅಂಗಡಿ ಇತ್ತು. ಅಂಗಡಿಗೆ ಬೋರ್ಡು ಇರಲಿಲ್ಲ. ಅರ್ಜಿ ಎಲ್ಲಿ ಬರೆಸಬೇಕು ಎಂದು ಯಾರಾದರೂ ಕೇಳಿದರೆ ಕಚೇರಿಯ ಕಾವಲುಗಾರ, "ಮೀನ್ಸಾರಿನ ವಾಸನೆ ಹಿಡ್ಕೊಂಡು ಹೋಗಿ, ಸಿಗುತ್ತೆ" ಎನ್ನುತ್ತಿದ್ದ. ಅದೇ ತಗಡಿನ ಸೂರಿನ ಮುಂಭಾಗದಲ್ಲಿ ಥಾವ್ರಿಯ ತಂಗಿ ನಾರಿನ್ ಬೆಳಿಗ್ಗೆ ಅಕ್ಕಿ ಶಾವಿಗೆಗೆ ಮೀನಿನ ಸಾರು ಹಾಕಿ ಮಾರುತ್ತಿದ್ದಳು. ಶಾವಿಗೆ ತಿನ್ನಲು ಬಂದವರು ಅರ್ಜಿ ಬರೆಸಿಕೊಂಡು ಹೋಗುತ್ತಿದ್ದರು, ಅರ್ಜಿಗೆ ಬಂದವರು ಶಾವಿಗೆ ತಿಂದು ಹೋಗುತ್ತಿದ್ದರು. ಅಕ್ಕ ತಂಗಿಯರಲ್ಲಿ ಯಾರ ವ್ಯಾಪಾರ ಯಾರನ್ನು ಸಾಕುತ್ತಿದೆ ಎಂಬ ಜಗಳ ಎಂದೂ ಮುಗಿಯುತ್ತಿರಲಿಲ್ಲ.

ನಾನು ಹೇಳುತ್ತಿರುವುದು ಎರಡು ಸಾವಿರದ ಆರನೆಯ ಇಸವಿಯ ಮಾತು. ಆಗ ಥಾವ್ರಿಗೆ ನಲವತ್ತನಾಲ್ಕು. ಹದಿಮೂರರಲ್ಲಿ ಶಾಲೆ ಮುಚ್ಚಿತು. ದೇಶದ ಶಾಲೆಗಳೆಲ್ಲ ಮುಚ್ಚಿ, ಲಕ್ಷಗಟ್ಟಲೆ ಜನ ಸತ್ತ ಕಾಲ ಅದು. ಮತ್ತೆ ತೆರೆಯುವ ಹೊತ್ತಿಗೆ ಅವಳು ಹೊಟ್ಟೆಪಾಡು ನೋಡಿಕೊಳ್ಳುವ ವಯಸ್ಸಿಗೆ ಬಂದಿದ್ದಳು. ಗಂಡಸರೇ ಕಡಿಮೆಯಾಗಿದ್ದ ಆ ವರ್ಷಗಳಲ್ಲಿ ಮದುವೆಯ ಸರದಿ ಅವಳವರೆಗೆ ಬರಲೇ ಇಲ್ಲ. ಇಪ್ಪತ್ತೊಂದರಲ್ಲಿ ಕಚೇರಿಯ ಟೈಪ್‌ರೈಟರ್ ಮುಂದೆ ಕೂತಳು. ಖ್ಮೇರ್ ಭಾಷೆಯಲ್ಲಿ ಒಂದೊಂದು ಅಕ್ಷರಕ್ಕೂ ಕೆಳಗೆ ಒಂದು ಒತ್ತು, ಮೇಲೆ ಒಂದು ಗುಡಿ, ಎಡಕ್ಕೊಂದು ಕೊಂಬು ಇರುತ್ತದೆ. ಆ ಯಂತ್ರವನ್ನು ಪಳಗಿಸುವುದೆಂದರೆ ಎಮ್ಮೆಯನ್ನು ಮರ ಹತ್ತಿಸಿದಂತೆ. ಥಾವ್ರಿ ಹತ್ತಿಸಿದಳು. ಆಮೇಲೆ ಕಂಪ್ಯೂಟರ್ ಬಂದಾಗಲೂ ಊರಿನಲ್ಲಿ ಅವಳ ಬೆರಳಿಗೆ ಸರಿಗಟ್ಟುವ ಬೆರಳು ಇರಲಿಲ್ಲ. ಜನ ಹೇಳಿ ಮುಗಿಸುವ ಮೊದಲೇ ಅವಳು ಹೊಡೆದು ಮುಗಿಸಿ, "ಮುಂದೆ?" ಎಂದು ತಲೆಯೆತ್ತುತ್ತಿದ್ದಳು.

ಒಂದೇ ಕೊರತೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕಂಪ್ಯೂಟರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಬರೆಯುವ ಹಾಳೆಯ ಮೇಲೆ ಖ್ಮೇರ್ ಅಕ್ಷರ ಮೂಡುತ್ತಿತ್ತು, ಸರಿ. ಆದರೆ ಹಾಳೆಯ ಸುತ್ತಲಿನ ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿ. ಅದಕ್ಕೆ ಅವಳು ಕೆಂಪು ಅಟ್ಟೆಯ ಒಂದು ನೋಟ್‌ಬುಕ್ ಮಾಡಿಕೊಂಡಿದ್ದಳು. "ಉಳಿಸಬೇಕಾದರೆ: ಎಡದಿಂದ ಒಂದನೆಯದು, ಮೇಲಿನಿಂದ ನಾಲ್ಕನೆಯದು." "ಕೆಂಪು ಗುಂಡು ಬಂದು ಟಣ್ ಅಂದರೆ: ಬಲಗಡೆಯದನ್ನು ಒತ್ತಿ, ಮುಖ ತೊಳೆದು ಬಂದು ಮತ್ತೆ ನೋಡು." ಹೀಗೆ ನಲವತ್ತು ಪುಟ. ಕುರುಡರು ತಮ್ಮ ಮನೆಯಲ್ಲಿ ಓಡಾಡುವಂತೆ ಅವಳು ವಿಂಡೋಸ್‌ನಲ್ಲಿ ಓಡಾಡುತ್ತಿದ್ದಳು. ಯಾರೂ ಕುರ್ಚಿ ಸರಿಸದಿದ್ದರೆ ಸಾಕು.

ಆ ವಿಂಡೋಸ್ ಡಿಸ್ಕುಗಳನ್ನು ತಂದುಕೊಡುತ್ತಿದ್ದವನು ನಾರಿನ್‌ಳ ಗಂಡ ಬುನ್ಲೆಂಗ್. ನಾಟ್ ಮಾರುಕಟ್ಟೆಯ ಗಡಿಯಾರದ ಕಡೆಯ ಸಾಲಿನಲ್ಲಿ ಅವನ ಡಿಸ್ಕ್ ಅಂಗಡಿ. ಹಾಡು, ಸಿನಿಮಾ, ಕಂಪ್ಯೂಟರಿನದು, ಯಾವುದಾದರೂ ಎರಡು ಡಾಲರು. ಎಲ್ಲವೂ ಗಡಿ ಪೇಟೆಯಿಂದ ಗೋಣಿಚೀಲದಲ್ಲಿ ಬಂದ ನಕಲು. ಬುನ್ಲೆಂಗ್ ಒಳ್ಳೆಯ ಮನುಷ್ಯ. ಬಾಯಿ ಮಾತ್ರ ಸ್ವಲ್ಪ ದೊಡ್ಡದು.

ಆ ವರ್ಷದ ಹೊಸವರ್ಷದ ಹಬ್ಬ ಮುಗಿದ ಮೇಲೆ, ಹೊಳೆಯಾಚೆಯ ವಿಹಾರದಿಂದ ಥಾವ್ರಿಗೆ ಕರೆ ಬಂತು. ರಾಜಧಾನಿ ಫ್ನಾಮ್ ಪೆನ್‌ನ ಒಬ್ಬ ಬಟ್ಟೆ ವ್ಯಾಪಾರಿ ತೀರಿಹೋದ ತಾಯಿಯ ಹೆಸರಿನಲ್ಲಿ ಆರು ಹಳೆಯ ಕಂಪ್ಯೂಟರುಗಳನ್ನು ದಾನ ಕೊಟ್ಟಿದ್ದ. ಊಟದ ಶಾಲೆಯ ಮೂಲೆಯಲ್ಲಿ ಅವು ಚಾಪೆ ಹೊದ್ದು ಕೂತಿದ್ದವು. ವಿಹಾರದ ಹಿರಿಯ ಭಂತೆ, ಎಂಬತ್ತರ ಹತ್ತಿರದವರು, ಥಾವ್ರಿ ಕೈಮುಗಿದು ಕಾಲು ಮಡಚಿ ಕೂತ ಮೇಲೆ ಹೇಳಿದರು:

"ಪೇಟೆ ಹೆಂಗಸರಿಗೆ, ಬರೋ ಆಸೆ ಇರೋ ಎಲ್ರಿಗೂ ಇದನ್ನ ಕಲಿಸ್ಬೇಕು ಅಂತ ನನಗೆ. ಒಳಗೆ ಏನೂ ಇಲ್ವಂತೆ, ಖಾಲಿ ಮಡಕೆ. ಏನು ಹಾಕ್ಬೇಕು ಅಂತ ನೀನೇ ಹೇಳು ಉಪಾಸಿಕೆ. ಕಲಿಸೋಳೂ ನೀನೇ."

ಏನು ಹಾಕಬೇಕು ಎಂಬುದೂ ಒಂದು ಪ್ರಶ್ನೆಯೇ ಎಂದು ಥಾವ್ರಿಗೆ ಆವತ್ತಿನವರೆಗೂ ಅನ್ನಿಸಿರಲಿಲ್ಲ. ಅನ್ನದ ಮಡಕೆಗೆ ಅಕ್ಕಿ, ಕಂಪ್ಯೂಟರಿಗೆ ವಿಂಡೋಸ್. ಸುದ್ದಿ ಕೇಳಿ ಬುನ್ಲೆಂಗ್ ಆಗಲೇ ಚೀಲ ಹೆಗಲಿಗೇರಿಸಿಕೊಂಡು ಬಂದಿದ್ದ. ಆದರೆ ಅವನ ಎದುರಿಗೆ ಇನ್ನೊಬ್ಬರು ಕೂತಿದ್ದರು. ವಿಚೆತ್ ಭಿಕ್ಕು, ಮೂವತ್ತರ ಆಸುಪಾಸಿನವರು. ರಾಜಧಾನಿಯಲ್ಲಿ ಒಂದು ತಿಂಗಳು ತರಬೇತಿ ಮುಗಿಸಿ ಬಂದಿದ್ದರು. ಅವರ ಕೈಯಲ್ಲೂ ಒಂದು ಡಿಸ್ಕು.

ಹಿರಿಯ ಭಂತೆ ಮೊದಲು ಬುನ್ಲೆಂಗ್ ಕಡೆ ತಿರುಗಿದರು. "ಇದು ಎಷ್ಟಪ್ಪ?"

"ಎರಡು ಡಾಲರ್ ಭಂತೇ. ವಿಹಾರಕ್ಕೆ ಅಂದ್ರೆ ಬಿಟ್ಟಿ, ಪುಣ್ಯ ಬರ್ಲಿ."

"ನಿಂಗೆ ಕೊಟ್ಟೋರು ಯಾರು?"

"ಗಡಿ ಪೇಟೇಲಿ ಒಬ್ಬ ಇದಾನೆ."

"ಅವನಿಗೆ?"

"ಅವನಿಗೆ ಇನ್ನೊಬ್ಬ."

"ಮಾಡಿದೋರು ಕೊಟ್ರಾ?"

ಬುನ್ಲೆಂಗ್ ಕತ್ತು ಕೆರೆದುಕೊಂಡ. "ಮಾಡಿದೋರು ಎಲ್ಲೋ ದೂರದಲ್ಲಿದಾರೆ ಭಂತೇ. ಅವರಿಗೆ ಗೊತ್ತೂ ಆಗಲ್ಲ."

"ಕೊಡದೆ ಇದ್ದದ್ದನ್ನ, ಗೊತ್ತಾಗದ ಹಾಗೆ ತಗೊಳ್ಳೋದಕ್ಕೆ ಏನಂತಾರೆ ಅಂತ ಪ್ರತಿ ಉಪೋಸಥ ವ್ರತದ ದಿನ ನನ್ನ ಮುಂದೆ ಕೂತು ನೀನೇ ಹೇಳ್ತೀಯ. ಎರಡನೇ ಶೀಲ. ಮರ್ತೋಯ್ತಾ?"

ಊಟದ ಶಾಲೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ಅಜ್ಜಿಯರೆಲ್ಲ ನಕ್ಕರು. ಬುನ್ಲೆಂಗ್ ಕೂಡ ನಕ್ಕ, ಬೇರೆ ದಾರಿ ಇರಲಿಲ್ಲ. ದುಡ್ಡು ಕೊಟ್ಟು ಸಾಚಾ ವಿಂಡೋಸ್ ತಂದರೆ ಎಷ್ಟಾಗುತ್ತದೆ ಎಂದು ಭಂತೆ ಕೇಳಿದರು. ಒಂದಕ್ಕೆ ನೂರು ಡಾಲರಿನ ಮೇಲೆ ಎಂದರು ವಿಚೆತ್. ಆರಕ್ಕೆ ಲೆಕ್ಕ ಹಾಕಿ ಭಂತೆ ತಲೆಯೆತ್ತಿ ಊಟದ ಶಾಲೆಯ ಸೂರನ್ನು ನೋಡಿದರು. ಅಲ್ಲಿ ನಾಲ್ಕು ಕಡೆ ಆಕಾಶ ಕಾಣುತ್ತಿತ್ತು.

"ನಿಮ್ಮ ಡಿಸ್ಕು ಯಾರು ಕೊಟ್ಟಿದ್ದು ವಿಚೆತ್?"

"ಮಾಡಿದೋರೇ ಕೊಟ್ಟಿದ್ದು ಭಂತೇ. ಲಿನಕ್ಸ್ ಅಂತ. ಲೋಕದ ನಾನಾ ಕಡೆ ಕೂತು ಮಾಡಿದಾರೆ, ಯಾರು ಬೇಕಾದ್ರೂ ತಗೊಳ್ಳಿ, ಹಂಚಿ ಅಂತ ಬರೆದೇ ಕೊಟ್ಟಿದಾರೆ. ನಮ್ಮೋರು ಅದನ್ನ ಖ್ಮೇರಿಗೆ ತಂದಿದಾರೆ."

"ಹಾಗಾದ್ರೆ ಇದೇ ಸರಿ" ಎಂದು ಭಂತೆ ಹೇಳಿಬಿಡುತ್ತಾರೆ ಎಂದುಕೊಂಡು ಥಾವ್ರಿ ಧೈರ್ಯ ಮಾಡಿ ಬಾಯಿ ತೆರೆದಳು. "ಭಂತೇ, ನಂಗೆ ಬರೋದು ಒಂದೇ. ಬರದೇ ಇರೋದನ್ನ ನಾನು ಹೆಂಗೆ ಕಲಿಸ್ಲಿ? ನಾಳೆ ಜನ ಏನಾದ್ರೂ ಕೇಳಿದ್ರೆ ಬಾಯ್ ಬಾಯ್ ಬಿಡ್ಬೇಕಾಗುತ್ತೆ."

ಹಿರಿಯ ಭಂತೆ ವಿಚೆತ್ ಕೈಯ ಡಿಸ್ಕನ್ನು ತೋರಿಸಿದರು. "ಒಂದು ತಿಂಗಳು ಅದನ್ನೂ ಬಳಸಿ ನೋಡು. ಆಮೇಲೆ ನೀನು ಯಾವ್ದು ಅಂತೀಯೋ ಅದು. ದುಡ್ಡಿಂದೇ ಬೇಕು ಅಂದ್ರೆ ದುಡ್ಡಿಂದೇ ತರೋಣ. ಸೂರು ಇನ್ನೊಂದು ಮಳೆ ತಡ್ಕೊಳುತ್ತೆ." ಕದ್ದದ್ದು ಬೇಡ ಎಂದು ಬೇರೆ ಹೇಳುವ ಅಗತ್ಯ ಇರಲಿಲ್ಲ.

ಮಾರನೆಯ ದಿನ ವಿಚೆತ್ ಭಿಕ್ಕು ಥಾವ್ರಿಯ ಅಂಗಡಿಗೆ ಬಂದು, ಅವಳ ನಾಲ್ಕು ಕಂಪ್ಯೂಟರುಗಳಲ್ಲಿ ಗೋಡೆ ಪಕ್ಕದ ಒಂದಕ್ಕೆ ಹೊಸ ಡಿಸ್ಕು ಹಾಕಿದರು. ಭಿಕ್ಕುವಿನ ಕೈಯಿಂದ ಹೆಂಗಸು ಏನನ್ನೂ ನೇರವಾಗಿ ತೆಗೆದುಕೊಳ್ಳುವ ಹಾಗಿಲ್ಲವಲ್ಲ. ಆದ್ದರಿಂದ ಅವರು ಮೌಸ್ ಹಿಡಿದು ಒಂದು ತೋರಿಸಿ, ಅದನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಥಾವ್ರಿ ಮುಂದೆ ಬಂದು ಹಿಡಿಯುತ್ತಿದ್ದಳು. ಅವಳು ತಪ್ಪಿದರೆ ಅವಳು ಹಿಂದೆ, ಅವರು ಮುಂದೆ. ಹೊರಗಿನಿಂದ ನೋಡಿದ ನಾರಿನ್, "ಅಕ್ಕ, ಇದೇನು ಪಾಠಾನೋ ಕುಣಿತಾನೋ?" ಎಂದಳು. ಭಿಕ್ಕುವಿನ ಕಿವಿ ಕೆಂಪಾಯಿತು.

ಅವರು ಹೋದ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಕಚೇರಿ ಮುಚ್ಚಿ ಬೀದಿ ತೂಕಡಿಸುವ ಹೊತ್ತಿನಲ್ಲಿ, ಥಾವ್ರಿ ಒಬ್ಬಳೇ ಅದರ ಮುಂದೆ ಕೂತಳು. ಅಭ್ಯಾಸದಂತೆ ಕೆಂಪು ನೋಟ್‌ಬುಕ್ ತೆರೆದಿಟ್ಟುಕೊಂಡಳು. ಎಡದಿಂದ ಒಂದನೆಯದನ್ನು ಒತ್ತಿದಳು. ಕೆಳಗೆ ಪಟ್ಟಿ ಇಳಿಯಿತು. ಎಣಿಸಲು ಎತ್ತಿದ ಬೆರಳು ಹಾಗೇ ನಿಂತಿತು. ಎಣಿಸುವುದು ಬೇಕಿರಲಿಲ್ಲ. ಅಲ್ಲಿ ಬರೆದಿತ್ತು, ತಾಯಿ ಮಡಿಲಲ್ಲಿ ಕೂರಿಸಿಕೊಂಡು ತಿದ್ದಿಸಿದ ಅಕ್ಷರಗಳಲ್ಲಿ: ಹೊಸದು. ತೆರೆ. ಮುಚ್ಚು. ಉಳಿಸು.

ಹನ್ನೊಂದು ವರ್ಷ ಇದೇ ಗುಂಡಿಗಳನ್ನು ದಿನಕ್ಕೆ ನೂರು ಸಲ ಒತ್ತಿದ್ದಳು. ಅವುಗಳ ಹೆಸರು ಅವಳಿಗೆ ಗೊತ್ತಾದದ್ದು ಆ ಮಧ್ಯಾಹ್ನ. ಒಂದೇ ಬೀದಿಯಲ್ಲಿ ವರ್ಷಗಟ್ಟಲೆ ಎದುರಾಗುತ್ತಿದ್ದ ಮೂಗ ನೆರೆಯವನು ಇದ್ದಕ್ಕಿದ್ದಂತೆ ನಿಂತು "ಊಟ ಆಯ್ತಾ ಅಕ್ಕ?" ಎಂದು ಕೇಳಿದ ಹಾಗಾಯಿತು ಅವಳಿಗೆ. ಒಂದೊಂದೇ ಪಟ್ಟಿಯನ್ನು ಇಳಿಸಿ ಗಟ್ಟಿಯಾಗಿ ಓದತೊಡಗಿದಳು.

"ನಾರಿನ್, ಬಾರೇ ಇಲ್ಲಿ. ಇದು ಏನ್ ಕೇಳ್ತಿದೆ ನೋಡು. 'ಈ ಕಡತವನ್ನು ಅಳಿಸಲು ನಿಮಗೆ ಖಚಿತವೇ?' ಅಂತೆ."

"ಯಾರ್ ಕೇಳ್ತಿದಾರೆ?"

"ಕಂಪ್ಯೂಟರ್ ಕಣೇ. ಇಷ್ಟು ದಿನ ಟಣ್ ಅಂತಿದ್ದಿದ್ದು ಇದನ್ನ ಕೇಳೋಕೆ. ಎಷ್ಟು ಮರ್ಯಾದೆಯಿಂದ ಕೇಳ್ತಿತ್ತು, ನಾನು ಹೋಗಿ ಮುಖ ತೊಳ್ಕೊಂಡು ಬರ್ತಿದ್ದೆ."

ನಾರಿನ್ ಸೌಟು ಹಿಡಿದುಕೊಂಡೇ ಬಂದಳು. ಪಕ್ಕದ ಹಂದಿ ಮಾಂಸದ ಅಂಗಡಿಯ ಸಾಮೋನ್ ಬಂದಳು. ಸಾಮೋನ್ ಎಂದರೆ ತೂಕವೂ ಭಾರಿ, ದನಿಯೂ ಭಾರಿ. ಮೂವರೂ ಸೇರಿ ಸಂಜೆಯವರೆಗೆ ಪಟ್ಟಿಗಳನ್ನು ಓದಿ ಓದಿ ನಕ್ಕರು. ಕೆಲವು ಪದ ಬೆಣ್ಣೆಯ ಹಾಗಿದ್ದವು. ಕೆಲವನ್ನು ಯಾರೋ ಪಂಡಿತರು ಪಾಳಿ ಭಾಷೆಯಿಂದ ಕಡೆದು ತೆಗೆದಿದ್ದರು, ಹಲ್ಲಿಗೆ ಸಿಕ್ಕಿದರೆ ಹಲ್ಲೇ ಹೋಗಬೇಕು.

ಆದರೆ ಸಂತೋಷ ಬೇರೆ, ಸಂಪಾದನೆ ಬೇರೆ. ಮಾರನೆಯ ಬೆಳಿಗ್ಗೆ ಮೊದಲ ಗಿರಾಕಿಯ ಅರ್ಜಿಯನ್ನು ಹೊಸದರಲ್ಲಿ ಹೊಡೆಯಲು ಕೂತಾಗ ಥಾವ್ರಿಯ ಬೆರಳುಗಳು ಕೈಕೊಟ್ಟವು. ಹಳೆಯ ಫಾಂಟಿನಲ್ಲಿ ಅಕ್ಷರ ಕಣ್ಣಿಗೆ ಕಾಣುವ ಕ್ರಮದಲ್ಲಿ ಹೊಡೆಯಬೇಕಿತ್ತು: ಎಡಗಡೆಯ ಕೊಂಬು ಮೊದಲು, ಆಮೇಲೆ ಅಕ್ಷರ. ಹೊಸದರಲ್ಲಿ ಬಾಯಿಯಲ್ಲಿ ಹೇಳುವ ಕ್ರಮ: ಅಕ್ಷರ ಮೊದಲು, ಆಮೇಲೆ ಕೊಂಬು, ಒತ್ತಿಗೆ ಬೇರೆಯೇ ಒಂದು ಗುಂಡಿ. ಹತ್ತು ನಿಮಿಷದ ಅರ್ಜಿಗೆ ಒಂದು ಗಂಟೆ ಹಿಡಿಯಿತು. ಗಿರಾಕಿ ಎರಡು ಬಟ್ಟಲು ಶಾವಿಗೆ ತಿಂದು ಮುಗಿಸಿದ. ನಾರಿನ್‌ಗೆ ಅದೇನೋ ಇಷ್ಟವಾಯಿತು.

ಬುನ್ಲೆಂಗ್‌ಗೆ ಇದಕ್ಕಿಂತ ಬೇಕೇ? ದಿನವೂ ಬೆಳಿಗ್ಗೆ ಐಸ್ ಕಾಫಿ ಹಿಡಿದು ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ.

"ಏನಕ್ಕ, ಆಮೆ ಸವಾರಿ ಎಲ್ಲಿವರೆಗೆ ಬಂತು?"

"ನಿನ್ನ ಕದ್ದ ಕುದುರೆಗಿಂತ ನಮ್ಮ ಆಮೆ ವಾಸಿ. ಹೋಗು, ನಿನ್ನ ಅಂಗಡಿ ನೋಡ್ಕೋ."

"ಬಿಟ್ಟಿ ಸಿಕ್ಕಿದ್ದು ಬಿಟ್ಟಿ ಹಾಗೇ ಇರುತ್ತೆ ಅಕ್ಕ. ವಿಂಡೋಸ್ ಅಂದ್ರೆ ದುಡ್ಡು ಕೊಟ್ಟು ಮಾಡ್ಸಿರೋದು, ಜಗತ್ತೆಲ್ಲ ಬಳಸ್ತಿರೋದು. ಸುಮ್ನೆ ಯಾಕೆ ಬೆರಳು ಸವೆಸ್ತೀಯ?"

ಅವನು ಹೇಳುವುದರಲ್ಲೂ ನಿಜವಿತ್ತು. ಥಾವ್ರಿಗೆ ತನ್ನ ವೇಗ ಎಂದರೆ ಪ್ರಾಣ. ಊರಿನಲ್ಲಿ ಅವಳಿಗಿದ್ದ ಆಸ್ತಿ ಅದೊಂದೇ. ಮೊದಲ ವಾರ ಎರಡು ಸಲ ಎದ್ದು ಹೋಗಿ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಯಾರಿಗೂ ಬೇಡದ ಒಂದು ಪುಟವನ್ನು ಸುಮ್ಮನೆ ಸರಸರನೆ ಹೊಡೆದು, ಬೆರಳಿಗೆ ಇನ್ನೂ ಜೀವ ಇದೆ ಎಂದು ಖಾತ್ರಿ ಮಾಡಿಕೊಂಡು ಬಂದಿದ್ದಳು.

ದಾರಿ ಹೇಳಿಕೊಟ್ಟವಳು ನಾರಿನ್. "ಬಾಯಲ್ಲಿ ಹೇಳೋ ಹಾಗೆ ಹೊಡೀಬೇಕು ಅಂತೀಯಲ್ಲ, ಹಾಗಾದ್ರೆ ಬಾಯಲ್ಲಿ ಹೇಳ್ಕೊಂಡೇ ಹೊಡಿ." ಥಾವ್ರಿ ಹಾಗೇ ಮಾಡಿದಳು. ಪದವನ್ನು ಬಿಡಿಸಿ ಗಟ್ಟಿಯಾಗಿ ಹೇಳುತ್ತಾ ಹೊಡೆದರೆ ಬೆರಳು ಮಾತಿನ ಹಿಂದೆ ಹಿಂದೆ ಕರುವಿನಂತೆ ಬರತೊಡಗಿತು. ಮೂರು ದಿನದಲ್ಲಿ ಅವಳ ಹಳೆಯ ವೇಗದ ಅರ್ಧದಷ್ಟು ಮರಳಿ ಬಂತು.

ತೊಂದರೆ ಬಂದದ್ದು ನಾಲ್ಕನೆಯ ದಿನ. ಒಬ್ಬ ಗಂಭೀರ ಗಂಡಸು ಬಂದು, ಹೆಂಡತಿಯ ಮೇಲೆ ಪಂಚಾಯಿತಿ ಮುಖ್ಯಸ್ಥರಿಗೆ ದೂರು ಬರೆಯಬೇಕು ಎಂದು ಮೆಲ್ಲನೆ ಹೇಳಿ, ಕೈಬರಹದ ಚೀಟಿ ಕೊಟ್ಟು ಶಾವಿಗೆ ತಿನ್ನಲು ಕೂತ. ಥಾವ್ರಿ ಹೊಡೆಯುತ್ತಾ ಹೊಡೆಯುತ್ತಾ ತನ್ನ ಲೋಕದಲ್ಲಿ ಮುಳುಗಿಹೋದಳು. "ನ-ನ್ನ ಹೆಂ-ಡ-ತಿ... ನಾ-ನು ಸಾ-ಕಿದ ಕಾ-ಳ-ಗದ ಹುಂ-ಜ-ವನ್ನು... ನ-ನಗೆ ತಿ-ಳಿ-ಸದೆ... ಸಾ-ರು ಮಾ-ಡಿ... ನ-ನಗೇ ಬ-ಡಿ-ಸಿ-ರು-ತ್ತಾ-ಳೆ." ಹೊರಗೆ ಹನ್ನೆರಡು ಜನರ ಚಮಚಗಳು ಬಟ್ಟಲಿನ ಮೇಲೆ ನಿಂತವು. ಮೊದಲು ನಕ್ಕವಳು ಸಾಮೋನ್. ಅವಳು ನಕ್ಕರೆ ಬೀದಿಗೇ ಕೇಳುತ್ತದೆ.

"ಚೆನ್ನಾಗಿತ್ತಾ ಸಾರು?" ಎಂದು ಯಾರೋ ಕೇಳಿದರು.

ಗಂಡಸು ಬಟ್ಟಲನ್ನು ಕೆಳಗಿಟ್ಟ. ಆಮೇಲೆ, "ಚೆನ್ನಾಗೇ ಇತ್ತು," ಎಂದ. "ಎರಡು ಸಲ ಹಾಕಿಸ್ಕೊಂಡೆ. ಆಮೇಲೆ ಹೇಳಿದ್ಲು." ಅವನಿಗೇ ನಗು ತಡೆಯಲಾಗಲಿಲ್ಲ. ದೂರು ಅಲ್ಲಿಗೇ ನಿಂತಿತು. ಅವನು ಅರ್ಧ ಹೊಡೆದ ಹಾಳೆಗೂ ದುಡ್ಡು ಕೊಟ್ಟು, ಹೆಂಡತಿಗೆಂದು ಒಂದು ಪೊಟ್ಟಣ ಶಾವಿಗೆ ಕಟ್ಟಿಸಿಕೊಂಡು ಹೋದ. ಆದರೆ ಆ ದಿನದಿಂದ ಥಾವ್ರಿ ತುಟಿ ಮುಚ್ಚಿಕೊಂಡು, ಒಳಗೊಳಗೇ ಹೇಳಿಕೊಳ್ಳುವುದನ್ನು ಕಲಿತಳು. ಎಲ್ಲರ ಮನೆಯ ಹುಂಜವೂ ಅಷ್ಟು ಸುಲಭಕ್ಕೆ ನಗುವಾಗುವುದಿಲ್ಲವಲ್ಲ.

ತಿಂಗಳು ತುಂಬುತ್ತಾ ಬಂತು. ಭಂತೆಗೆ ಏನು ಹೇಳುವುದು ಎಂದು ಥಾವ್ರಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಕೈ ಹಳೆಯದನ್ನೇ ಬೇಡುತ್ತಿತ್ತು. ಕಣ್ಣು ಹೊಸದನ್ನು ಬಯಸುತ್ತಿತ್ತು. ಕಚೇರಿಯವರು ಬೇರೆ, ತಮ್ಮ ಹಳೆಯ ಫಾಂಟಿನಲ್ಲೇ ಕಡತ ಬೇಕು, ಇಲ್ಲದಿದ್ದರೆ ತೆರೆಯುವುದಿಲ್ಲ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಕಚೇರಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಪಕ್ಕದ ಕಂಪ್ಯೂಟರಿನ ಮುಂದೆ ನಾರಿನ್ ಕೂತಿದ್ದಳು. ಹನ್ನೊಂದು ವರ್ಷ ಆ ಸೂರಿನ ಕೆಳಗೆ ಇದ್ದರೂ ಅವಳು ಒಂದು ದಿನವೂ ಕಂಪ್ಯೂಟರ್ ಮುಟ್ಟಿದವಳಲ್ಲ. 'ನಂಗೆ ಇಂಗ್ಲಿಷ್ ಬರಲ್ಲಪ್ಪ' ಎಂದು ಧೂಳು ಹೊಡೆಯುವಾಗಲೂ ದೂರದಿಂದಲೇ ಬಟ್ಟೆ ಬೀಸುತ್ತಿದ್ದಳು. ಈಗ ಎರಡು ತೋರುಬೆರಳಿನಲ್ಲಿ ಕುಟ್ಟುತ್ತಿದ್ದಳು.

"ಏನ್ ಮಾಡ್ತಿದೀಯ?"

"ಮಾತಾಡಿಸ್ಬೇಡ, ತಪ್ಪುತ್ತೆ."

ಪರದೆಯ ಮೇಲೆ ಶಾವಿಗೆಯ ದರಪಟ್ಟಿ ಇತ್ತು. ದೊಡ್ಡ ಬಟ್ಟಲು, ಸಣ್ಣ ಬಟ್ಟಲು, ಮೊಟ್ಟೆ ಹಾಕಿದ್ದು. ನಾರಿನ್ ಮೇಲೆ ಹೋಗಿ, ಪಟ್ಟಿ ಇಳಿಸಿ, ತುಟಿಯಲ್ಲೇ ಓದಿಕೊಂಡು 'ಉಳಿಸು' ಒತ್ತಿದಳು. ಹೆಸರು ಕೇಳಿದಾಗ 'ಶಾವಿಗೆ' ಎಂದು ಕುಟ್ಟಿದಳು. ಆಮೇಲೆ 'ಮುದ್ರಿಸು' ಎಲ್ಲಿದೆ ಎಂದು ಹುಡುಕಿದಳು. ಅಲ್ಲೇ ಇತ್ತು. ಯಂತ್ರ ಗರಗರ ಎಂದು ಹಾಳೆಯನ್ನು ಹೊರಗೆ ನೂಕಿತು.

"ಯಾರ್ ಹೇಳ್ಕೊಟ್ರೇ ನಿಂಗೆ?"

"ಹೇಳ್ಕೊಡೋದೇನು? ಬರೆದಿದೆಯಲ್ಲ."

ತೊಂಬತ್ತೈದರಲ್ಲಿ ಅಷ್ಟನ್ನು ಕಲಿಯಲು ಥಾವ್ರಿಗೆ ನಾಲ್ಕು ತಿಂಗಳು, ಅರ್ಧ ನೋಟ್‌ಬುಕ್ಕು ಹಿಡಿದಿತ್ತು. ಅವಳು ತಂಗಿಯ ಬೆನ್ನಿಗೆ ಒಂದು ಗುದ್ದು ಕೊಟ್ಟು, ಹಾಳೆಯನ್ನು ತೆಗೆದುಕೊಂಡು ಹೋಗಿ ತಾನೇ ಅಂಗಡಿಯ ಮುಂದಿನ ಕಂಬಕ್ಕೆ ಅಂಟಿಸಿ ಬಂದಳು. ಅದೇ ಸಂಜೆ ದೋಣಿ ಹತ್ತಿ ವಿಹಾರಕ್ಕೆ ಹೋದಳು.

"ನನ್ನ ಕೈಗೆ ಇವತ್ತಿಗೂ ಹಳೇದೇ ಇಷ್ಟ ಭಂತೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಪಾಠಕ್ಕೆ ಇದೇ ಇರ್ಲಿ. ಇದ್ರಲ್ಲಿ ನಾನು ಅರ್ಧ ಕಲಿಸಿದ್ರೆ ಸಾಕು, ಇನ್ನರ್ಧ ಅದೇ ಹೇಳ್ಕೊಡುತ್ತೆ."

"ಸೂರು ಉಳೀತು," ಎಂದರು ಹಿರಿಯ ಭಂತೆ.

ತನ್ನ ಅಂಗಡಿಗೆ ಅವಳು ಮಾಡಿಕೊಂಡ ಏರ್ಪಾಡು ಬೇರೆ. ಮೂರು ಕಂಪ್ಯೂಟರಿಗೆ ಬಿಟ್ಟಿಯದನ್ನು ಹಾಕಿಸಿದಳು. ನಾಲ್ಕನೆಯದಕ್ಕೆ, ಕಚೇರಿಯ ಕೆಲಸಕ್ಕೂ ತನ್ನ ಬೆರಳಿನ ಹಟಕ್ಕೂ, ಫ್ನಾಮ್ ಪೆನ್‌ನಿಂದ ಸಾಚಾ ವಿಂಡೋಸ್ ತರಿಸಿದಳು. ಅದಕ್ಕೆ ಕೊಟ್ಟ ದುಡ್ಡು ಕೇಳಿ ಬುನ್ಲೆಂಗ್ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

"ಅಕ್ಕ, ಎರಡು ಡಾಲರಿಗೆ ಅದೇ ಡಿಸ್ಕು ಕಣಕ್ಕ. ಅದೇ ಬಣ್ಣ, ಅದೇ ಚಿತ್ರ."

"ಇಷ್ಟಪಟ್ಟಿದ್ದಕ್ಕೆ ಬೆಲೆ ಕೊಡ್ಬೇಕು ಬುನ್ಲೆಂಗ್. ನೀನು ನನ್ನ ತಂಗೀನ ಸುಮ್ನೆ ಕರ್ಕೊಂಡ್ಹೋದ್ಯಾ? ವೀಳ್ಯ, ತೆರದ ದುಡ್ಡು ಹೊತ್ಕೊಂಡು ಬರ್ಲಿಲ್ವಾ?"

"ಅದೂ ದುಬಾರಿ ಆಯ್ತು," ಎಂದ ಬುನ್ಲೆಂಗ್. ಒಳಗಿನಿಂದ ಸೌಟು ಹಾರಿಬಂತು.

ವಿಹಾರದ ಪಾಠ ಶುರುವಾದ ಮೇಲೆ ಜನ ಆ ಡಿಸ್ಕು ತಮಗೂ ಬೇಕು ಎಂದು ಕೇಳತೊಡಗಿದರು. ವಿಚೆತ್ ಭಿಕ್ಕು ಬುನ್ಲೆಂಗ್‌ನನ್ನು ಕರೆಸಿ, ನಕಲು ಮಾಡುವ ಯಂತ್ರ ಇರುವುದು ನಿನ್ನ ಹತ್ತಿರ, ನೀನೇ ಮಾಡಿ ಮಾರು ಎಂದರು. ಬುನ್ಲೆಂಗ್ ಅನುಮಾನದಿಂದ ನೋಡಿದ.

"ಬಿಟ್ಟಿ ವಸ್ತುವನ್ನ ದುಡ್ಡಿಗೆ ಮಾರೋದಾ? ಭಂತೇ, ಈಗ ನಿಜವಾಗ್ಲೂ ಕಳ್ಳ ಆಗ್ತೀನಿ."

"ಇಲ್ಲ. ನಕಲು ಮಾಡಿ ಮಾರ್ಬಹುದು ಅಂತ ಅವರೇ ಬರೆದಿದಾರೆ. ನಿನ್ನ ಕೂಲಿ ನೀನು ತಗೋ."

"ಮಾರ್ಬಹುದಾ?" ಎಂದ ಬುನ್ಲೆಂಗ್. ಅತ್ತಿತ್ತ ನೋಡಿ, "ಪೊಲೀಸರು ಬಂದು ನಿಂತಿದ್ರೂ?" ಎಂದ.

"ಪೊಲೀಸರಿಗೂ ಒಂದು ಮಾರು."

ಹದಿನಾಲ್ಕು ವರ್ಷ ಅಂಗಡಿ ನಡೆಸಿದವನಿಗೆ, ಪರಿಶೀಲನೆಗೆ ಜನ ಬರುತ್ತಾರೆ ಎಂದಾಗಲೆಲ್ಲ ಚೀಲ ಕಟ್ಟಿಕೊಂಡು ಓಡಿ ಅಭ್ಯಾಸ. ಮೊದಲ ಬಾರಿ ಒಂದು ಸಾಲು ಡಿಸ್ಕುಗಳನ್ನು ಅಂಗಡಿಯ ಮುಂದೆಯೇ, ಬಿಸಿಲು ಬೀಳುವ ಕಡೆ ಜೋಡಿಸಿಟ್ಟ. ಒಂದಕ್ಕೆ ಎರಡು ಸಾವಿರ ರಿಯೆಲ್, ಅರ್ಧ ಡಾಲರು. ಆ ಸಾಲಿನ ಮುಂದೆ ಕುರ್ಚಿ ಹಾಕಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ಯಾವುದು ಒಳ್ಳೆಯದು ಎಂದು ಗಿರಾಕಿ ಕೇಳಿದರೆ, "ಎರಡು ಡಾಲರಿಂದು ನೀವು ಬಲ್ಲದ್ದು, ಅರ್ಧ ಡಾಲರಿಂದು ನಿಮ್ಮನ್ನ ಬಲ್ಲದ್ದು" ಎಂದು ಥಾವ್ರಿಯೇ ಎಂದೋ ಹೇಳಿದ ಮಾತನ್ನು ತನ್ನದೇ ಎಂಬಂತೆ ಹೇಳುತ್ತಿದ್ದ.

ಪಾಠಕ್ಕೆ ಮೊದಲ ದಿನ ಹದಿಮೂರು ಜನ ಬಂದರು, ಆರು ಕಂಪ್ಯೂಟರಿಗೆ. ಸಾಮೋನ್ ಒಬ್ಬಳೇ ಒಂದರ ಮುಂದೆ ತುಂಬಿಕೊಂಡಳು. ಹೊಲಿಗೆಯ ಹೆಂಗಸರು ನಾಲ್ವರು, ಒಬ್ಬ ನಿವೃತ್ತ ಸಿಪಾಯಿ, ವಿಹಾರದ ಪೂಜೆ ನಡೆಸಿಕೊಡುವ ಮುದುಕ ಅಚಾರ್ ಪ್ರಾಕ್. ಹೆಣ್ಣು ಮೇಷ್ಟರನ್ನು ಕರೆಯುವಂತೆ ಅವರೆಲ್ಲ ಥಾವ್ರಿಯನ್ನು ನೆಕ್‌ಕ್ರೂ ಎಂದು ಕರೆದರು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಮೊದಲ ಸಲ ಹಾಗೆ ಕರೆಸಿಕೊಂಡಾಗ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದಳು.

ಎರಡನೆಯ ವಾರ ಜಗಳ ಎದ್ದಿತು. ಮಾಡಿದ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವ ಒಂದು ಆಜ್ಞೆ ಇತ್ತು, ಎರಡನೆಯ ಪಟ್ಟಿಯ ಮೊದಲನೆಯದು. ಎಲ್ಲರಿಗೂ ದಿನಕ್ಕೆ ಇಪ್ಪತ್ತು ಸಲ ಬೇಕಾಗುವಂಥದ್ದು. ಅದಕ್ಕೆ ಪಂಡಿತರು ಇಟ್ಟಿದ್ದ ಹೆಸರು, ನಮ್ಮ ಮಾತಿಗೆ ತಂದರೆ, 'ಪೂರ್ವಕ್ರಿಯಾ ವಿಸರ್ಜನ' ಎಂಬಂತಿತ್ತು.

"ಇದು ಹೆಣ ಸುಡೋವಾಗ ಹೇಳೋ ಮಂತ್ರ ಇದ್ದ ಹಾಗಿದೆ," ಎಂದಳು ಸಾಮೋನ್.

"ನಾನು ನಲವತ್ತು ವರ್ಷ ಮಂತ್ರ ಹೇಳಿದೀನಿ, ಇದು ಯಾವ ಮಂತ್ರದಲ್ಲೂ ಇಲ್ಲ," ಎಂದರು ಅಚಾರ್ ಪ್ರಾಕ್.

ಹೊಲಿಗೆಯವಳೊಬ್ಬಳು, "ನಾವು ಹೊಲಿಗೆ ತಪ್ಪಿದ್ರೆ 'ಬಿಚ್ಚು' ಅಂತೀವಿ. ಬಿಚ್ಚಿ ಮತ್ತೆ ಹಾಕ್ತೀವಿ. ಅಷ್ಟೇ ಅಲ್ವಾ ಇದೂ?" ಎಂದಳು.

ಎಲ್ಲರೂ ಹೌದು ಹೌದು ಎಂದರು. ಸಾಮೋನ್, "ಭಂತೆ ಎದುರಿಗೆ ಬಿಚ್ಚು ಬಿಚ್ಚು ಅಂತ ಕೂಗೋಕೆ ಆಗುತ್ತೇನೇ?" ಎಂದು ಮೆಲ್ಲಗೆ ಅಂದದ್ದು ಆಚೆ ದಡಕ್ಕೂ ಕೇಳಿಸಿತು. ವಿಚೆತ್ ಭಿಕ್ಕು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಇದೆ ಎಂಬಂತೆ ಹೊರಗೆ ನೋಡಿದರು. ನಗು ಇಳಿದ ಮೇಲೆ ಅವರೇ ಒಂದು ಮಾತು ಹೇಳಿದರು. ಈ ಪದಗಳನ್ನು ಮಾಡಿದವರು ಫ್ನಾಮ್ ಪೆನ್‌ನಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕೂತಿರುವ ನಾಲ್ಕೈದು ಜನ. ಸರಿಯಿಲ್ಲದಿದ್ದರೆ ಬರೆದು ತಿಳಿಸಿ ಎಂದು ಅವರೇ ಕೇಳಿಕೊಂಡಿದ್ದಾರೆ.

"ಬರೆದ್ರೆ ಬದಲಾಯಿಸ್ತಾರಾ?" ಥಾವ್ರಿ ಕೇಳಿದಳು.

"ಗೊತ್ತಿಲ್ಲ. ಬರೀದಿದ್ರೆ ಖಂಡಿತ ಬದಲಾಯಿಸಲ್ಲ."

ಇಪ್ಪತ್ಮೂರು ವರ್ಷ ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟ ಥಾವ್ರಿ ತನ್ನದೆಂದು ಒಂದು ಅರ್ಜಿಯನ್ನೂ ಯಾರಿಗೂ ಬರೆದಿರಲಿಲ್ಲ. ಅಂದು ಬರೆದಳು, ಹೊಸದರಲ್ಲೇ, ಬೆರಳು ತಪ್ಪಿದಾಗಲೆಲ್ಲ ಆ ಪಂಡಿತರ ಮಂತ್ರವನ್ನೇ ಒತ್ತಿ ಸರಿಮಾಡಿಕೊಳ್ಳುತ್ತಾ. 'ಮಾನ್ಯರೇ, ನೀವು ನಮ್ಮ ಭಾಷೆಯಲ್ಲಿ ಮಾಡಿಕೊಟ್ಟದ್ದಕ್ಕೆ ಬಾತಂಬಾಂಗಿನ ಹದಿಮೂರು ಜನರ ನಮಸ್ಕಾರ. ಆದರೆ ಒಂದು ಪದ ನಮ್ಮ ಗಂಟಲಲ್ಲಿ ಇಳಿಯುತ್ತಿಲ್ಲ.' ಕೆಳಗೆ ಹದಿಮೂರೂ ಜನ ಸಹಿ ಹಾಕಿದರು. ಸಿಪಾಯಿ ತನ್ನ ಹಳೆಯ ಪಡೆಯ ಸಂಖ್ಯೆಯನ್ನೂ ಸೇರಿಸಿದ.

ಉತ್ತರ ಎರಡು ವಾರದಲ್ಲಿ ಬಂತು. ಒಬ್ಬ ಹೆಣ್ಣುಮಗಳು ಬರೆದಿದ್ದಳು. ಇದೇ ಪದದ ಮೇಲೆ ಇನ್ನೂ ಎರಡು ಕಡೆಯಿಂದ ದೂರು ಬಂದಿದೆ, ತಮ್ಮ ಕೋಣೆಯಲ್ಲೂ ಅದರ ಮೇಲೆ ಮಾತು ಬಿಟ್ಟುಹೋಗುವಷ್ಟು ಜಗಳವಾಗಿದೆ, 'ಬಿಚ್ಚು' ಎಂಬುದನ್ನು ಯೋಚಿಸುತ್ತೇವೆ ಎಂದಿತ್ತು. ಯೋಚಿಸುತ್ತೇವೆ ಎಂದರೆ ಏನೆಂದು ಕಚೇರಿಯ ನೆರೆಯಲ್ಲಿ ಬದುಕಿದ ಥಾವ್ರಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅದನ್ನು ಮರೆತಳು.

ಮುಂದಿನ ವರ್ಷ ನೀರಿನ ಹಬ್ಬ ಕಳೆದು ಚಳಿಗಾಳಿ ಬೀಸುವ ಹೊತ್ತಿಗೆ ಹೊಸ ಡಿಸ್ಕು ಬಂತು. ತಂದವನು ಬುನ್ಲೆಂಗ್, ಪಾಠದ ನಡುವೆ, ಏದುಸಿರು ಬಿಡುತ್ತಾ. ಈಗ ಅವನಿಗೆ ಆ ಡಿಸ್ಕಿನ ಮೇಲೆ ಥಾವ್ರಿಗಿಂತ ಹೆಚ್ಚು ಅಭಿಮಾನ. "ಅಕ್ಕ, ನಾನೇ ಮೊದಲು ನೋಡಿದೆ. ನೀನು ನೋಡು. ಎರಡನೇದು, ಮೊದಲನೇದು." ಅವಳು ಹಾಕಿದಳು. ಹದಿಮೂರು ತಲೆಗಳು ಅವಳ ಭುಜದ ಮೇಲೆ ಬಾಗಿದವು. ಎರಡನೆಯ ಪಟ್ಟಿ ಇಳಿಯಿತು. ಮೊಟ್ಟಮೊದಲು, ದಪ್ಪ ಅಕ್ಷರದಲ್ಲಿ: ಬಿಚ್ಚು.

ಆ ಪದ ಹೇಳಿದ್ದ ಹೊಲಿಗೆಯವಳು ಕೊರಳ ವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಥಾವ್ರಿ ಒಂದು ಪದ ಹೊಡೆದು, ಅದನ್ನು ಬಿಚ್ಚಿ, ಮತ್ತೆ ಹೊಡೆದು, ಮತ್ತೆ ಬಿಚ್ಚಿ ನೋಡಿದಳು. ಮುಖ ಯಾರಿಗೂ ಕಾಣಬಾರದೆಂದು ಪರದೆಗೆ ಅಷ್ಟು ಹತ್ತಿರ ಬಗ್ಗಿದ್ದಳು.

"ಹಾಗಾದ್ರೆ ಬರೀತಾ ಹೋಗ್ಬಹುದು ಅನ್ನು," ಎಂದಳು ಸಾಮೋನ್, ತೋಳು ಮಡಚುತ್ತಾ. "ನೆ‌ಕ್‌ಕ್ರೂ, ಐದನೇ ಪಟ್ಟಿ ಕೊನೇದಕ್ಕೆ ಏನೋ ಒಂದು ಇಟ್ಟಿದಾರೆ, ನಂಗೆ ಅದು ಆಗಲ್ಲ. ಬರಿ."

"ನಂದೂ ಒಂದಿದೆ," ಎಂದ ಸಿಪಾಯಿ. "ನಂದು ಮೂರಿದಾವೆ," ಎಂದರು ಅಚಾರ್ ಪ್ರಾಕ್.

ಥಾವ್ರಿ ಹೊಸ ಹಾಳೆ ತೆರೆದು, ಬೆರಳುಗಳ ನೆಟಿಗೆ ಒಮ್ಮೆ ಲಟಲಟ ಮುರಿದು, ಅವನ್ನು ಕೀಲಿಗಳ ಮೇಲಿಟ್ಟಳು. "ಒಬ್ಬೊಬ್ರೇ ಹೇಳಿ," ಎಂದಳು. "ನಿಧಾನವಾಗಿ ಹೇಳೋದೇನೂ ಬೇಡ."